‘ಅದು ಈಗ ನಮ್ಮ ಕೈಯಲ್ಲಿಲ್ಲ’ ಎನ್ನುವ ಕಚೇರಿಗೆ ಕೇಳಬೇಕಾದ ಪ್ರಶ್ನೆಗಳು

ನಮ್ಮ ಬಡಾವಣೆಯ ಉದ್ಯಾನದ ಗೇಟಿಗೆ ಬೀಗ ಬಿದ್ದ ವಾರ ನಾವು ನಾಲ್ಕು ಜನ ಸ್ಥಳೀಯ ಸಂಸ್ಥೆಯ ಕಚೇರಿಗೆ ಹೋಗಿದ್ದೆವು. ಅಲ್ಲಿನ ಅಧಿಕಾರಿ ಸಿಡುಕಲಿಲ್ಲ. ಕೂರಿಸಿ ಮಾತಾಡಿದರು, ಕಡತವನ್ನೂ ತರಿಸಿದರು. ಕೊನೆಗೆ ಹೇಳಿದ್ದು ಇಷ್ಟು: “ಅದು ಈಗ ನಮ್ಮ ಕೈಯಲ್ಲಿಲ್ಲ. ನಿರ್ವಹಣೆಗೆ ಒಂದು ಸಂಘಕ್ಕೆ ವಹಿಸಿಬಿಟ್ಟಿದ್ದೇವೆ, ಅವರನ್ನೇ ಕೇಳಿ.” ಸಂಘದವರ ಬಳಿ ಹೋದೆವು. “ಕರಾರು ಮಾಡಿಕೊಟ್ಟವರು ಕಚೇರಿಯವರು, ಅವರನ್ನೇ ಕೇಳಿ” ಎಂದರು. ಎರಡು ತಿಂಗಳು ಈ ಎರಡು ಬಾಗಿಲುಗಳ ನಡುವೆ ಓಡಾಡಿದ್ದೇ ಆಯಿತು. ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರು.

ಆ ಎರಡು ತಿಂಗಳಲ್ಲಿ ನಮಗೆ ಗೊತ್ತಿಲ್ಲದೇ ಹೋದ ಸಂಗತಿ ಒಂದಿತ್ತು. ಕಾನೂನು ಒಂದು ಸಾರ್ವಜನಿಕ ಸಂಸ್ಥೆಗೆ ಕೊಟ್ಟ ಅಧಿಕಾರ ಆ ಸಂಸ್ಥೆಯ ಸ್ವತ್ತಲ್ಲ. ಅದು ಜನರ ಪರವಾಗಿ ಒಪ್ಪಿಸಿದ ಹೊಣೆ. ತನಗೆ ಬೇಡವೆಂದು ಇನ್ನೊಬ್ಬರಿಗೆ ಬರೆದುಕೊಡಲು, ‘ಮುಂದೆ ಇದನ್ನು ಬಳಸುವುದಿಲ್ಲ’ ಎಂದು ಯಾರಿಗಾದರೂ ಮಾತು ಕೊಡಲು, ಮೇಲಿನವರು ಹೇಳಿದರೆಂದು ಕಣ್ಣುಮುಚ್ಚಿ ಸಹಿ ಹಾಕಲು ಅದಕ್ಕೆ ಅವಕಾಶವಿಲ್ಲ. ಹಾಗೆ ಮಾಡಿದ್ದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಈ ತತ್ವ ಹಳೆಯದು. ಸ್ಕಾಟ್ಲೆಂಡಿನ ಏರ್ ಪಟ್ಟಣದ ಬಂದರನ್ನು ನೋಡಿಕೊಳ್ಳುತ್ತಿದ್ದ ಟ್ರಸ್ಟಿಗಳು ಸ್ವಾಧೀನಪಡಿಸಿಕೊಂಡ ಜಮೀನಿಗೆ ಕೊಡಬೇಕಾದ ಪರಿಹಾರವನ್ನು ಕಡಿಮೆ ಮಾಡಿಕೊಳ್ಳಲು, ಅದರ ಮೇಲೆ ಎಂದಿಗೂ ಕಟ್ಟಡ ಕಟ್ಟುವುದಿಲ್ಲ ಎಂದು ಮಾತು ಕೊಡಲು ಹೊರಟಿದ್ದರು. ಬಂದರಿನ ಕೆಲಸಕ್ಕೆಂದು ಸಂಸತ್ತು ಕೊಟ್ಟ ಅಧಿಕಾರವನ್ನು ಹೀಗೆ ಕಟ್ಟಿಹಾಕುವ ಹಕ್ಕು ನಿಮಗಿಲ್ಲ ಎಂದು 1883ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ನಮ್ಮ ಸುಪ್ರೀಂ ಕೋರ್ಟ್ ಅಧಿಕಾರ ಕೈಬಿಡುವುದರ ವಿರುದ್ಧ ತನ್ನ ಆರಂಭದ ವರ್ಷಗಳಿಂದಲೂ ತೀರ್ಪು ಕೊಡುತ್ತ ಬಂದಿದೆ. ಆ ತೀರ್ಪುಗಳನ್ನು ನಿಮ್ಮೂರಿನ ಕಚೇರಿಯ ಮುಂದೆ ಬಳಸುವುದು ಹೇಗೆ ಎಂಬುದನ್ನು ಕರ್ನಾಟಕದ ಕಾಯ್ದೆಗಳನ್ನು ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಕೈಬಿಟ್ಟಿದ್ದು ಯಾವ ರೀತಿಯಲ್ಲಿ ಎಂದು ಗುರುತಿಸಿ

ಎಲ್ಲ ದೂರುಗಳನ್ನೂ ‘ಅಧಿಕಾರಿಗಳ ನಿರ್ಲಕ್ಷ್ಯ’ ಎಂದು ಬರೆದರೆ ಯಾರೂ ಓದುವುದಿಲ್ಲ. ನಿಮ್ಮದು ಯಾವ ಬಗೆ ಎಂದು ತಿಳಿದರೆ ಅರ್ಧ ಕೆಲಸ ಆದಂತೆ.

ಮೊದಲನೆಯದು, ಮೇಲಿನವರ ಮಾತಿಗೆ ಸಹಿ. ಕಾಯ್ದೆ ಒಬ್ಬ ಅಧಿಕಾರಿಯ ಹೆಸರು ಹೇಳಿ ‘ಇವನು ತೀರ್ಮಾನಿಸಲಿ’ ಎಂದಿರುತ್ತದೆ. ಅವನು ತೀರ್ಮಾನಿಸುವುದಿಲ್ಲ, ಬಂದ ಸೂಚನೆಯನ್ನು ಟೈಪ್ ಮಾಡಿಸುತ್ತಾನೆ. ಮುಂಬಯಿಯ ಗೋರ್ಧನದಾಸ್ ಭಾಂಜಿ ಪ್ರಕರಣ ಇದರ ಮೂಲ. ಅಂಧೇರಿಯಲ್ಲಿ ಸಿನಿಮಾ ಮಂದಿರ ಕಟ್ಟಲು 1947ರಲ್ಲಿ ಪೊಲೀಸ್ ಕಮಿಷನರ್ ಅನುಮತಿ ಕೊಟ್ಟಿದ್ದರು. ಕೆಲವೇ ತಿಂಗಳಲ್ಲಿ ಇನ್ನೊಂದು ಪತ್ರ ಬಂತು: ಅನುಮತಿ ರದ್ದಾಗಿದೆ ಎಂದು ನಿಮಗೆ ತಿಳಿಸುವಂತೆ ಸರ್ಕಾರ ನನಗೆ ನಿರ್ದೇಶಿಸಿದೆ ಎಂಬ ಧಾಟಿಯಲ್ಲಿ. ರದ್ದು ಮಾಡುವ ಅಧಿಕಾರವಿದ್ದದ್ದು ಕಮಿಷನರಿಗೆ, ಸರ್ಕಾರಕ್ಕಲ್ಲ. ಆ ಪತ್ರದಲ್ಲಿ ಕಮಿಷನರ್ ಬರೀ ಅಂಚೆಯವರಾಗಿದ್ದರು. ಹಾಗಾಗಿ ಕಾನೂನಿನ ಕಣ್ಣಲ್ಲಿ ರದ್ದತಿ ಆಗಿಯೇ ಇಲ್ಲ, ಅವರೇ ಸ್ವಂತ ವಿವೇಚನೆಯಿಂದ ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟ್ 1951ರಲ್ಲಿ ಹೇಳಿತು. ಅದೇ ತೀರ್ಪಿನ ಇನ್ನೊಂದು ಮಾತು ನಿಮಗೆ ತುಂಬ ಬೇಕಾಗುತ್ತದೆ: ಆದೇಶವನ್ನು ಅದರಲ್ಲಿರುವ ಮಾತುಗಳಿಂದಲೇ ಅಳೆಯಬೇಕು, ಆಮೇಲೆ ಅಧಿಕಾರಿ ‘ನನ್ನ ಮನಸ್ಸಿನಲ್ಲಿ ಇದ್ದದ್ದು ಹೀಗೆ’ ಎಂದು ಕೊಡುವ ವಿವರಣೆಯಿಂದಲ್ಲ.

ಬಿಹಾರದಲ್ಲಿ ಕಬ್ಬಿನ ಆಯುಕ್ತರು ಒಂದು ಸಕ್ಕರೆ ಕಾರ್ಖಾನೆಗೆ ಮೀಸಲಿಟ್ಟಿದ್ದ ಪ್ರದೇಶದಿಂದ 99 ಹಳ್ಳಿಗಳನ್ನು ಮುಖ್ಯಮಂತ್ರಿಗಳ ಸೂಚನೆಯಂತೆ ಹೊರಗಿಟ್ಟಾಗಲೂ ಇದೇ ಆಯಿತು. ಪ್ರತಾಪ್‌ಪುರ ಕಂಪನಿಯ ಆ ಪ್ರಕರಣದ ತೀರ್ಪು ಬಂದದ್ದು 1968ರಲ್ಲಿ. ಸೂಚನೆ ಕೊಟ್ಟವರ ಸ್ಥಾನ ಎಷ್ಟೇ ದೊಡ್ಡದಿರಲಿ, ಕಾಯ್ದೆಯಲ್ಲಿ ಅವರ ಹೆಸರಿಲ್ಲದಿದ್ದರೆ ಆ ತೀರ್ಮಾನ ಅವರದ್ದಲ್ಲ.

ಎರಡನೆಯದು, ಮೇಲಕ್ಕೆ ತಳ್ಳುವುದು. ಇಲ್ಲಿ ಯಾರೂ ಒತ್ತಡ ಹಾಕಿರುವುದಿಲ್ಲ. ಅಧಿಕಾರಿಯೇ ‘ಸರ್ಕಾರದ ಅನುಮೋದನೆಗೆ ಕಳಿಸಿದ್ದೇವೆ’ ಎಂದು ಕಡತ ಎತ್ತಿ ಕಳಿಸುತ್ತಾನೆ. ಗುಜರಾತಿನಲ್ಲಿ ಭಯೋತ್ಪಾದನೆ ತಡೆಯಲೆಂದು ಇದ್ದ ಟಾಡಾ ಕಾಯ್ದೆಯಡಿ ಪೂರ್ವಾನುಮತಿ ಕೊಡಬೇಕಾಗಿದ್ದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ತಾವು ಕೊಡದೆ ಸರ್ಕಾರವನ್ನೇ ಅನುಮತಿ ಕೇಳಿದರು. ಮೇಲಿನವರು ಒಪ್ಪಿದ್ದಾರಲ್ಲ, ಇನ್ನೇನು ಎಂದು ನಮಗೆ ಅನ್ನಿಸಬಹುದು. 1995ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ನೋಡಲಿಲ್ಲ. ಅಧಿಕಾರ ಇದ್ದವನು ಚಲಾಯಿಸಲಿಲ್ಲ, ಚಲಾಯಿಸಿದವರಿಗೆ ಅಧಿಕಾರ ಇರಲಿಲ್ಲ ಎಂಬುದೇ ಅಲ್ಲಿ ಗಟ್ಟಿಯಾದ ಅಂಶವಾಯಿತು.

ಇದರಿಂದ ಜನರಿಗೆ ಆಗುವ ನಷ್ಟ ಏನು ಎಂಬುದು ಹರಿಯಾಣದ ಝಜ್ಜರ್‌ನ ಒಂದು ಸಿನಿಮಾ ಪರವಾನಗಿ ಪ್ರಕರಣದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆಗ ಅದು ಪಂಜಾಬಿನ ಭಾಗ. ಪರವಾನಗಿ ಅರ್ಜಿಗಳನ್ನೆಲ್ಲ ತನಗೇ ಕಳಿಸಬೇಕೆಂದು ರಾಜ್ಯ ಸರ್ಕಾರ ಸೂಚಿಸಿತ್ತು. ಕಾಯ್ದೆಯ ಪ್ರಕಾರ ಸರ್ಕಾರ ಮೇಲ್ಮನವಿ ಕೇಳಬೇಕಾದ ಜಾಗ. ಮೊದಲ ತೀರ್ಮಾನವನ್ನೂ ಅದೇ ಮಾಡಿಬಿಟ್ಟರೆ ಅರ್ಜಿದಾರ ಮೇಲ್ಮನವಿ ಹಾಕುವುದು ಎಲ್ಲಿಗೆ? ಸುಪ್ರೀಂ ಕೋರ್ಟ್ ಆ ವ್ಯವಸ್ಥೆಯನ್ನು ಒಪ್ಪಲಿಲ್ಲ. ನಿಮ್ಮ ಮನವಿಯಲ್ಲಿ ಈ ಅಂಶ ಇದ್ದರೆ ಮರೆಯದೆ ಬರೆಯಿರಿ. ಬರೀ ನಿಯಮಭಂಗವಾಗಿದೆ ಎನ್ನುವುದಕ್ಕಿಂತ, ನನ್ನ ಮೇಲ್ಮನವಿಯ ಹಕ್ಕು ಹೋಯಿತು ಎನ್ನುವ ಮಾತಿಗೆ ತೂಕ ಹೆಚ್ಚು.

ಮೂರನೆಯದು, ಕರಾರಿನ ಮೂಲಕ ಬಿಟ್ಟುಕೊಡುವುದು. ಉದ್ಯಾನ, ಮಾರುಕಟ್ಟೆ, ವಾಹನ ನಿಲುಗಡೆ, ಕೆರೆಯಂಗಳ ಇಂಥವುಗಳಲ್ಲಿ ಹೆಚ್ಚು. ಲಕ್ನೋ ಮಹಾಪಾಲಿಕೆ ಅಮೀನಾಬಾದಿನ ಝಂಡೇವಾಲಾ ಉದ್ಯಾನದಡಿ ಅಂಗಡಿ ಸಂಕೀರ್ಣ ಕಟ್ಟಲು ಒಂದು ಕಂಪನಿಗೆ ಟೆಂಡರ್ ಇಲ್ಲದೆ ಕರಾರು ಮಾಡಿಕೊಟ್ಟಿತ್ತು. ಕಟ್ಟಡ ಎದ್ದೂ ಆಗಿತ್ತು. ಆದರೂ 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೆಡವಿ ಉದ್ಯಾನವನ್ನು ಮೊದಲಿನಂತೆ ಮಾಡಲು ಆದೇಶಿಸಿತು. ಉದ್ಯಾನವನ್ನು ಕಾಪಾಡುವ ಕರ್ತವ್ಯವನ್ನು ಮಹಾಪಾಲಿಕೆ ಮರೆತಿದೆ, ಜನರ ಪರವಾಗಿ ಹಿಡಿದಿದ್ದ ಆಸ್ತಿಯ ನಂಬಿಕೆಯನ್ನು ಮುರಿದಿದೆ ಎಂಬುದು ಕಾರಣ.

ನಾಲ್ಕನೆಯದು, ಕರ್ತವ್ಯವನ್ನೇ ಮಾಡದಿರುವುದು. ‘ಅನುದಾನ ಇಲ್ಲ’ ಎನ್ನುವ ಉತ್ತರ ಇದರ ಗುರುತು. ಮಧ್ಯಪ್ರದೇಶದ ರತ್ಲಾಮ್ ಪುರಸಭೆ ತೆರೆದ ಚರಂಡಿಗಳ ವಿಷಯದಲ್ಲಿ ಇದನ್ನೇ ಹೇಳಿತ್ತು. ಅಷ್ಟೇ ಅಲ್ಲ, ಅಲ್ಲಿ ಮನೆ ಮಾಡಿದವರು ಕೊಳಕು ಗೊತ್ತಿದ್ದೇ ಬಂದವರು ಎಂದೂ ವಾದಿಸಿತ್ತು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು ಎರಡನ್ನೂ ತಳ್ಳಿಹಾಕಿತು. ಹಣದ ಕೊರತೆಯ ನೆಪದಲ್ಲಿ ಕಾನೂನಿನ ಕನಿಷ್ಠ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲ.

ಹೆಜ್ಜೆ 2: ಕಾಯ್ದೆಯಲ್ಲಿ ಯಾರ ಹೆಸರಿದೆ ನೋಡಿ

ಈ ಹೆಜ್ಜೆಯನ್ನು ದಾಟಿ ಮುಂದೆ ಹೋಗಬೇಡಿ. ಕಾನೂನು ಕೇಳುವುದು ಯಾರ ಸಹಿ? ಆ ಒಂದು ಪದವನ್ನು ಕಾಯ್ದೆಯಲ್ಲಿ ಹುಡುಕಿ, ಪೆನ್ಸಿಲ್‌ನಿಂದ ಅಡಿಗೆರೆ ಎಳೆಯಿರಿ. ‘ಆಯುಕ್ತರು’ ಎಂದಿದೆಯೋ, ‘ಪಾಲಿಕೆ’ ಎಂದಿದೆಯೋ, ‘ಸ್ಥಾಯಿ ಸಮಿತಿ’ ಎಂದಿದೆಯೋ, ‘ಸರ್ಕಾರ’ ಎಂದಿದೆಯೋ? ಒಂದೇ ಕಚೇರಿಯೊಳಗೆ ಇವು ಬೇರೆ ಬೇರೆ ಪ್ರಾಧಿಕಾರಗಳು. ಸಭೆಯ ಠರಾವು ಬೇಕಾದ ಕಡೆ ಮುಖ್ಯಾಧಿಕಾರಿಯ ಸಹಿ ಮಾತ್ರ ಇದ್ದರೆ ಪ್ರಶ್ನೆ ಅಲ್ಲಿಗೇ ಶುರುವಾಗುತ್ತದೆ.

ಗ್ರಾಮ ಪಂಚಾಯಿತಿಗೆ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ. ಅದರ 58ನೇ ಸೆಕ್ಷನ್ ಪಂಚಾಯಿತಿಯ ಪ್ರಕಾರ್ಯಗಳನ್ನು ಹೇಳುತ್ತದೆ. ಅದರೊಳಗಿನ (1ಎ) ಉಪಸೆಕ್ಷನ್ ಓದಿ: ಚರಂಡಿ, ಕುಡಿಯುವ ನೀರು, ಬೀದಿ ದೀಪ, ಸಾರ್ವಜನಿಕ ಬೀದಿಗಳ ಒತ್ತುವರಿ ತೆರವು ಇವೆಲ್ಲ ಅಲ್ಲಿ ಕಡ್ಡಾಯದ ಪಟ್ಟಿಯಲ್ಲಿವೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ. 87ನೇ ಸೆಕ್ಷನ್ ಕಡ್ಡಾಯ ಕೆಲಸಗಳು, 91ನೇ ಸೆಕ್ಷನ್ ವಿವೇಚನೆಗೆ ಬಿಟ್ಟ ಕೆಲಸಗಳು. ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ, ಅದರಲ್ಲಿ 58 ಮತ್ತು 59 ಇದೇ ರೀತಿಯ ಜೋಡಿ. ಬೆಂಗಳೂರಿನವರು 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯನ್ನು ನೋಡಬೇಕು, ಹಳೆಯ ಬಿಬಿಎಂಪಿ ಕಾಯ್ದೆಯ ಪುಟಗಳನ್ನು ಹಿಡಿದು ಹೋದರೆ ಪ್ರಯೋಜನವಿಲ್ಲ. ಇವುಗಳ ಕನ್ನಡ ಮತ್ತು ಇಂಗ್ಲಿಷ್ ಪಠ್ಯಗಳು ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ತಿದ್ದುಪಡಿ ಸೇರಿಸಿದ ಪ್ರತಿಯನ್ನೇ ಇಳಿಸಿಕೊಳ್ಳಿ.

ಕಡ್ಡಾಯವೋ ವಿವೇಚನೆಯೋ ಎಂಬ ವ್ಯತ್ಯಾಸ ದೊಡ್ಡದು. ಕಡ್ಡಾಯದ್ದನ್ನು ಮಾಡಿ ಎಂದು ಆದೇಶ ತರಬಹುದು. ವಿವೇಚನೆಗೆ ಬಿಟ್ಟದ್ದರಲ್ಲಿ ‘ಪರಿಶೀಲಿಸಿ ತೀರ್ಮಾನಿಸಿ’ ಎಂಬಲ್ಲಿಗೆ ನಿಲ್ಲಬೇಕಾದೀತು. ಹಾಗೆಂದು ‘ಮಾಡಬಹುದು’ ಎಂಬ ಪದ ಕಂಡ ಕೂಡಲೇ ಕೈಚೆಲ್ಲಬೇಡಿ. ಜನರ ಹಿತಕ್ಕೆಂದು ಕೊಟ್ಟ ಅಧಿಕಾರವನ್ನು ಸಂದರ್ಭ ಬಂದಾಗ ಬಳಸಲೇಬೇಕಾದ ಕರ್ತವ್ಯ ಅದರ ಜೊತೆಗೇ ಅಂಟಿಕೊಂಡಿರುತ್ತದೆ ಎಂಬ ಮಾತನ್ನೂ ಗೋರ್ಧನದಾಸ್ ತೀರ್ಪು ಒಪ್ಪಿಕೊಂಡಿದೆ.

ಹೆಜ್ಜೆ 3: ಕಾನೂನುಬದ್ಧ ವಹಿಸುವಿಕೆಯನ್ನು ಬದಿಗಿಡಿ

ನಾವು ಎಡವಿದ್ದು ಇಲ್ಲಿ. ವಹಿಸಿಕೊಟ್ಟಿದ್ದೆಲ್ಲ ತಪ್ಪು ಎಂದು ಮೊದಲ ಮನವಿಯಲ್ಲೇ ಬರೆದೆವು, ಅದನ್ನು ಅವರು ಎರಡು ಸಾಲಿನಲ್ಲಿ ತಳ್ಳಿಹಾಕಿದರು. ಸರಿಯಾಗಿಯೇ ತಳ್ಳಿಹಾಕಿದರು.

ಬಹುತೇಕ ಕಾಯ್ದೆಗಳಲ್ಲಿ ‘ಅಧಿಕಾರ ಪ್ರತ್ಯಾಯೋಜನೆ’ ಎಂಬ ತಲೆಬರಹದ ಒಂದು ಸೆಕ್ಷನ್ ಇರುತ್ತದೆ. ಅದರಂತೆ ಲಿಖಿತ ಆದೇಶ ಅಥವಾ ಅಧಿಸೂಚನೆ ಹೊರಡಿಸಿ ಕೆಳಗಿನ ಅಧಿಕಾರಿಗೆ ವಹಿಸಿದ್ದರೆ ತಕರಾರಿಗೆ ಜಾಗವಿಲ್ಲ. ಆದರೆ ಮೂರು ವಿಷಯ ನೋಡಿ: ನಿಮ್ಮ ವಿಷಯದ ಸೆಕ್ಷನ್ ಆ ಆದೇಶದಲ್ಲಿ ಇದೆಯೇ, ವಹಿಸಿಕೊಂಡವರ ಹುದ್ದೆ ಸರಿಯಾಗಿದೆಯೇ, ನಿಮ್ಮ ತೀರ್ಮಾನದ ದಿನಾಂಕಕ್ಕಿಂತ ಮೊದಲೇ ಅದು ಹೊರಟಿದೆಯೇ. ವಹಿಸಿಕೊಂಡವನು ಅದನ್ನು ಮತ್ತೊಬ್ಬನಿಗೆ ದಾಟಿಸಿದ್ದರೆ ಅದಕ್ಕೂ ಕಾಯ್ದೆಯ ಆಧಾರ ಬೇಕು.

ಸ್ಥಳ ತನಿಖೆ, ವರದಿ, ಲೆಕ್ಕ, ಅಭಿಪ್ರಾಯ ಇವನ್ನು ಬೇರೆಯವರಿಂದ ಮಾಡಿಸಬಹುದು. ತೀರ್ಮಾನ ಮಾತ್ರ ಕಾಯ್ದೆ ಹೇಳಿದವನದ್ದೇ ಆಗಿರಬೇಕು. ಕಸ ಸಾಗಿಸಲು, ಹುಲ್ಲು ಕತ್ತರಿಸಲು, ದೀಪ ಬದಲಿಸಲು ಗುತ್ತಿಗೆ ಕೊಡುವುದೂ ಸರಿ. ಅಲ್ಲಿ ದುಡಿಮೆಯನ್ನು ಕೊಟ್ಟಿದ್ದಾರೆ, ಹೊಣೆ ಕಚೇರಿಯಲ್ಲೇ ಉಳಿದಿದೆ. ಗುತ್ತಿಗೆದಾರ ಕೆಲಸ ಮಾಡದಿದ್ದರೆ ನೀವು ಕೇಳಬೇಕಾದ್ದು ಕಚೇರಿಯನ್ನೇ.

ಇನ್ನೊಂದು ಗೊಂದಲ. ಸರ್ಕಾರದ ಆದೇಶದ ಕೊನೆಯಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದಿದ್ದು ಕೆಳಗೆ ಅಧೀನ ಕಾರ್ಯದರ್ಶಿಯ ಸಹಿ ಇದ್ದರೆ, ಮಂತ್ರಿ ಸಹಿ ಹಾಕಿಲ್ಲವೆಂದು ಹಿಡಿಯಲು ಹೋಗಬೇಡಿ. ಕಾರ್ಯಕಲಾಪ ನಿಯಮಗಳ ಪ್ರಕಾರ ಕಾರ್ಯದರ್ಶಿಗಳು ಸರ್ಕಾರವಾಗಿಯೇ ಕೆಲಸ ಮಾಡುತ್ತಾರೆ, ಅದು ಅಧಿಕಾರ ಬಿಟ್ಟುಕೊಟ್ಟಂತಲ್ಲ. 1970ರ ಸಂಜೀವಿ ನಾಯ್ಡು ಪ್ರಕರಣದಲ್ಲಿ ಇದು ತೀರ್ಮಾನವಾಗಿದೆ.

ಕೆಲವು ಕಾಯ್ದೆಗಳಲ್ಲಿ ಸರ್ಕಾರಕ್ಕೆ ನಿರ್ದೇಶನ ಕೊಡುವ ಅಧಿಕಾರವೂ ಇದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯ್ದೆಯ 65ನೇ ಸೆಕ್ಷನ್ ಅಂಥದ್ದು. ಅದಕ್ಕೂ ಬೇಲಿ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಸ್ಯಾಂಕಿ ಕೆರೆಯ ಬಳಿ ಉದ್ಯಾನಕ್ಕೆ ಮೀಸಲಿಟ್ಟಿದ್ದ ಜಾಗವನ್ನು ಮುಖ್ಯಮಂತ್ರಿಗಳ ಆದೇಶದ ಮೇಲೆ ಖಾಸಗಿ ಆಸ್ಪತ್ರೆಗೆ ಹಂಚಲಾಗಿತ್ತು. ಸುತ್ತಲಿನ ನಿವಾಸಿಗಳು ಕೋರ್ಟಿಗೆ ಹೋದರು. ನಿರ್ದೇಶನದ ಅಧಿಕಾರ ಇರುವುದು ಕಾಯ್ದೆಯ ಉದ್ದೇಶವನ್ನು ನಡೆಸಿಕೊಡಲು, ಅದನ್ನು ಮುರಿಯಲು ಅಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿ ಹಂಚಿಕೆಯ ವಿರುದ್ಧದ ತೀರ್ಪನ್ನು ಎತ್ತಿಹಿಡಿಯಿತು. ಬ್ಯಾಂಗಲೂರ್ ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಎಂಬ ಆ ತೀರ್ಪು ಕರ್ನಾಟಕದ ಬಡಾವಣೆ ನಿವಾಸಿಗಳಿಗೆ ನಿಜವಾಗಿಯೂ ಒಂದು ಆಸ್ತಿ, ಏಕೆಂದರೆ ಇಂಥ ಜಾಗದ ಬಗ್ಗೆ ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ ಎಂಬುದನ್ನೂ ಅದು ಗಟ್ಟಿಯಾಗಿ ಹೇಳಿದೆ.

ಹೆಜ್ಜೆ 4: ಕಾಗದ ಹೊರಗೆ ಬರಲಿ

ಬಾಯಿಮಾತಿನ ‘ಕೊಟ್ಟುಬಿಟ್ಟಿದ್ದೇವೆ’ ಎಂಬುದರ ಮೇಲೆ ಏನನ್ನೂ ಕಟ್ಟಲಾಗದು. ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ ಇದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಉತ್ತರಕ್ಕೆ 30 ದಿನ. ಬರದಿದ್ದರೆ ಅಥವಾ ಸರಿಯಿಲ್ಲದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು.

‘ಏಕೆ ಕೊಟ್ಟಿರಿ’ ಎಂದು ಕೇಳಬೇಡಿ. ‘ಇದು ಮಾಹಿತಿಯಲ್ಲ’ ಎಂಬ ಉತ್ತರ ಬರುತ್ತದೆ. ದಾಖಲೆಯ ಹೆಸರು ಹಿಡಿದು ಕೇಳಿ. ನಮ್ಮ ಎರಡನೇ ಅರ್ಜಿ ಹೀಗಿತ್ತು, ಬೇಕಾದರೆ ನಿಮ್ಮ ವಿಷಯಕ್ಕೆ ಹೊಂದಿಸಿಕೊಳ್ಳಿ:

“ತಮ್ಮ ಕಚೇರಿಯ ವ್ಯಾಪ್ತಿಯ ಇಂಥ ಉದ್ಯಾನದ ನಿರ್ವಹಣೆಯನ್ನು ಇಂಥ ಸಂಘಕ್ಕೆ ವಹಿಸಿರುವ ಸಂಬಂಧ: 1) ಸಭೆಯ ನಡವಳಿ ಮತ್ತು ಠರಾವಿನ ದೃಢೀಕೃತ ಪ್ರತಿ. 2) ಕರಾರು ಪತ್ರ ಮತ್ತು ಅದರ ಎಲ್ಲ ಅನುಬಂಧಗಳ ದೃಢೀಕೃತ ಪ್ರತಿ. 3) ಹೀಗೆ ವಹಿಸಲು ಅಧಿಕಾರ ನೀಡುವ ಪ್ರತ್ಯಾಯೋಜನೆ ಆದೇಶ ಅಥವಾ ಅಧಿಸೂಚನೆಯ ಪ್ರತಿ. 4) ಸದರಿ ಕಡತದ ಟಿಪ್ಪಣಿ ಹಾಳೆಗಳ ಪ್ರತಿ. 5) ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನಾಂಕ.”

ಮೂರನೆಯ ಅಂಶವೇ ಜೀವಾಳ. ಅಂಥ ಆದೇಶ ಇದ್ದರೆ ಕೊಡುತ್ತಾರೆ. ಇಲ್ಲದಿದ್ದರೆ ‘ಸದರಿ ದಾಖಲೆ ಲಭ್ಯವಿಲ್ಲ’ ಎಂದು ಲಿಖಿತವಾಗಿ ಕೊಡುತ್ತಾರೆ. ಆ ಸಾಲು ಮುಂದೆ ನಿಮ್ಮ ಅತ್ಯುತ್ತಮ ಸಾಕ್ಷಿ, ಲ್ಯಾಮಿನೇಟ್ ಮಾಡಿಸಿಡಿ ಎಂದು ನಾನು ಗೆಳೆಯರಿಗೆ ಹೇಳುವುದುಂಟು.

ಅರ್ಜಿ ಹಾಕುವ ಮೊದಲೇ ನೋಡಬಹುದಾದ್ದೂ ಇದೆ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಕಚೇರಿಯೂ ತನ್ನ ಅಧಿಕಾರಿಗಳ ಅಧಿಕಾರ ಮತ್ತು ಕರ್ತವ್ಯಗಳನ್ನು ತಾನಾಗಿಯೇ ಪ್ರಕಟಿಸಿರಬೇಕು. ಅದರಲ್ಲಿ ಉದ್ಯಾನ ನಿರ್ವಹಣೆ ಯಾರ ಹೆಸರಿನ ಎದುರಿಗಿದೆ ಎಂದು ನೋಡಿ, ಆ ಪುಟದ ಪ್ರತಿ ತೆಗೆದಿಟ್ಟುಕೊಳ್ಳಿ. ಕಚೇರಿ ತಾನೇ ತನ್ನದೆಂದು ಬರೆದುಕೊಂಡ ಕೆಲಸವದು.

ಹೆಜ್ಜೆ 5: ಕಡತ ಓದುವ ಬಗೆ

ಕಡತ ನೋಡಲು ಹೋದ ದಿನ ಆದೇಶದ ಹಾಳೆಗಿಂತ ಮೊದಲು ಟಿಪ್ಪಣಿ ಹಾಳೆಗಳನ್ನು ತೆಗೆಯಿರಿ. ಅಂಚಿನಲ್ಲಿ ಸಂಖ್ಯೆ ಹಾಕಿದ ಕಂಡಿಕೆಗಳು, ಪ್ರತಿಯೊಂದರ ಕೆಳಗೆ ಚಿಕ್ಕ ಸಹಿ ಮತ್ತು ದಿನಾಂಕ ಇರುತ್ತವೆ. ವಿಷಯ ನಿರ್ವಾಹಕ ಬರೆದದ್ದು, ವ್ಯವಸ್ಥಾಪಕ ಸೇರಿಸಿದ್ದು, ಅಧಿಕಾರಿ ಕೊನೆಗೆ ಹಾಕಿದ್ದು, ಮೂರನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಕೊನೆಯ ಕಂಡಿಕೆಯಲ್ಲಿ ಕಾರಣ ಇದೆಯೇ, ಅಥವಾ ‘ಚರ್ಚಿಸಿದಂತೆ’, ‘ಮೌಖಿಕ ಸೂಚನೆ ಮೇರೆಗೆ’, ‘ಮಾನ್ಯರ ಪತ್ರದಂತೆ ಕ್ರಮವಹಿಸಿ’ ಎಂದಿದೆಯೇ?

ಆಮೇಲೆ ಆದೇಶಕ್ಕೆ ಬನ್ನಿ. ನಮ್ಮ ಸರ್ಕಾರಿ ಆದೇಶಗಳಿಗೆ ಒಂದು ಅಚ್ಚು ಇದೆ: ಮೇಲೆ ವಿಷಯ, ಅದರ ಕೆಳಗೆ ಉಲ್ಲೇಖ ಅಥವಾ ‘ಓದಲಾಗಿದೆ’, ಆಮೇಲೆ ಪ್ರಸ್ತಾವನೆ, ಕೊನೆಗೆ ಆದೇಶ. ಉಲ್ಲೇಖದಲ್ಲಿರುವುದು ಸೆಕ್ಷನ್ನಿನ ಸಂಖ್ಯೆಯೋ ಯಾರದೋ ಪತ್ರದ ಸಂಖ್ಯೆಯೋ ನೋಡಿ. ಪ್ರಸ್ತಾವನೆಯಲ್ಲಿ ನಿಮ್ಮ ಆಕ್ಷೇಪಣೆಯ ಬಗ್ಗೆ ಒಂದಾದರೂ ವಾಕ್ಯವಿದೆಯೇ ನೋಡಿ. ಪತ್ರ ಬಂದ ದಿನವೇ ಆದೇಶ ಹೊರಟಿದ್ದರೆ, ಎರಡೂ ದಿನಾಂಕಗಳನ್ನು ಪಕ್ಕಪಕ್ಕ ಬರೆದಿಡಿ.

ಕರಾರಿನಲ್ಲಿ ನಾನು ಹುಡುಕುವುದು ಎರಡು ಕಡೆ. ಒಂದು, ಪ್ರವೇಶದ ಸಮಯ, ಶುಲ್ಕ, ಯಾರನ್ನು ಬಿಡಬೇಕು ಯಾರನ್ನು ಬಿಡಬಾರದು ಎಂದು ತೀರ್ಮಾನಿಸುವವರು ಯಾರು. ಇನ್ನೊಂದು, ಕರಾರನ್ನು ಮುರಿಯುವ ಹಕ್ಕು ಕಚೇರಿಗೆ ಉಳಿದಿದೆಯೇ. ನಮ್ಮ ಉದ್ಯಾನದ ಕರಾರಿನ ಒಂಬತ್ತನೇ ಷರತ್ತು ನನಗೆ ಈಗಲೂ ಬಾಯಿಗೆ ಬರುತ್ತದೆ. ಉದ್ಯಾನದ ‘ಬಳಕೆಯ ಸಮಯ ಮತ್ತು ಬಳಕೆದಾರರ ಬಗ್ಗೆ ಎರಡನೇ ಪಕ್ಷದ ತೀರ್ಮಾನವೇ ಅಂತಿಮ’ ಎಂದಿತ್ತು ಅದು. ಎರಡನೇ ಪಕ್ಷ ಎಂದರೆ ಸಂಘ. ಹುಲ್ಲು ಕತ್ತರಿಸುವ ಷರತ್ತುಗಳಿಗೆ ನಮ್ಮ ತಕರಾರು ಇರಲಿಲ್ಲ. ಜನರಿಗೆ ಬಾಗಿಲು ತೆರೆಯುವ ಅಧಿಕಾರವೇ ಆ ಒಂದು ಸಾಲಿನಲ್ಲಿ ಹೊರಟುಹೋಗಿತ್ತು. ಅದು ಸಿಕ್ಕ ಮೇಲೆ ನಮ್ಮ ಮನವಿ ಆರು ಪುಟದಿಂದ ಒಂದೂವರೆ ಪುಟಕ್ಕೆ ಇಳಿಯಿತು.

ಉದ್ಯಾನದ ವಿಷಯವಾದರೆ 1985ರ ಕರ್ನಾಟಕ ಉದ್ಯಾನಗಳು, ಆಟದ ಮೈದಾನಗಳು ಮತ್ತು ತೆರೆದ ಜಾಗಗಳ ಸಂರಕ್ಷಣೆ ಮತ್ತು ನಿಯಂತ್ರಣ ಕಾಯ್ದೆಯನ್ನು ಜೊತೆಗಿಟ್ಟುಕೊಳ್ಳಿ. ಬಿಡಿಎ ಬಡಾವಣೆಯಾದರೆ ಬಿಡಿಎ ಕಾಯ್ದೆಯ 38ಎ ಸೆಕ್ಷನ್ ಕೂಡ. ಉದ್ಯಾನ, ಆಟದ ಮೈದಾನ, ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ವಿಲೇವಾರಿ ಮಾಡುವುದನ್ನು ಅದು ನೇರವಾಗಿ ತಡೆಯುತ್ತದೆ.

ಹೆಜ್ಜೆ 6: ಲಿಖಿತ ಬೇಡಿಕೆ, ಲಿಖಿತ ಹಿಂಬರಹ

ಕರ್ತವ್ಯ ಮಾಡಿ ಎಂಬ ಪರಮಾದೇಶವನ್ನು ಹೈಕೋರ್ಟಿನಿಂದ ಪಡೆಯಬೇಕಾದರೆ, ಮೊದಲು ಆ ಅಧಿಕಾರಿಯನ್ನೇ ಕೇಳಿದ್ದಿರಿ, ಅವರು ನಿರಾಕರಿಸಿದರು ಅಥವಾ ಸುಮ್ಮನಿದ್ದರು ಎಂದು ತೋರಿಸಬೇಕು. 1974ರ ಸರಸ್ವತಿ ಇಂಡಸ್ಟ್ರಿಯಲ್ ಸಿಂಡಿಕೇಟ್ ತೀರ್ಪು ಇದನ್ನು ನಿಯಮವಾಗಿ ಹೇಳಿದೆ. ಹಾಗಾಗಿ ಕೋರ್ಟಿಗೆ ಹೋಗುವ ಉದ್ದೇಶವಿಲ್ಲದಿದ್ದರೂ ಮನವಿಯನ್ನು ಕೋರ್ಟು ಓದುತ್ತದೆ ಎಂದುಕೊಂಡೇ ಬರೆಯಿರಿ.

ವಿಳಾಸ ಕಾಯ್ದೆಯಲ್ಲಿ ಹೆಸರಿರುವ ಹುದ್ದೆಗೆ ಇರಲಿ. ಶಾಸಕರಿಗೂ ಮಂತ್ರಿಗಳಿಗೂ ಪ್ರತಿ ಕಳಿಸುವ ಚಾಳಿ ನಮ್ಮಲ್ಲಿದೆ. ಇಂಥ ಮನವಿಯಲ್ಲಿ ಅದು ಬೇಡ. ಮೇಲಿನವರ ಮಾತಿಗೆ ಸಹಿ ಹಾಕಿದ್ದು ತಪ್ಪು ಎಂದು ಬರೆಯುತ್ತ ಮೇಲಿನವರಿಂದಲೇ ಮಾತು ಹೇಳಿಸುವುದು ನಮ್ಮ ವಾದವನ್ನು ನಾವೇ ಬಿಟ್ಟುಕೊಟ್ಟಂತೆ.

ಮನವಿಯ ಒಳಗೆ ನಾಲ್ಕು ಸಂಗತಿ ಸಾಕು: ಇಂಥ ಕಾಯ್ದೆಯ ಇಂಥ ಸೆಕ್ಷನ್ ಈ ಅಧಿಕಾರವನ್ನು ತಮಗೆ ಕೊಟ್ಟಿದೆ, ಇಂಥ ದಿನಾಂಕದ ಆದೇಶ ಅಥವಾ ಕರಾರಿನ ಇಂಥ ಷರತ್ತಿನಿಂದ ಅದು ಬೇರೆಯವರ ಕೈಗೆ ಹೋಗಿದೆ, ಹಾಗೆ ವಹಿಸಲು ಆಧಾರವಾದ ದಾಖಲೆ ಇಲ್ಲವೆಂದು ತಮ್ಮ ಕಚೇರಿಯೇ ಇಂಥ ದಿನಾಂಕದಂದು ತಿಳಿಸಿದೆ, ಆದ್ದರಿಂದ ತಾವೇ ಸ್ವತಂತ್ರವಾಗಿ ಪರಿಶೀಲಿಸಿ 30 ದಿನದೊಳಗೆ ಕಾರಣಸಹಿತ ಆದೇಶ ಹೊರಡಿಸಿ ಹಿಂಬರಹ (ಮನವಿಗೆ ಕಚೇರಿಯ ಲಿಖಿತ ಉತ್ತರ) ನೀಡಬೇಕು. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಹಿಂಬರಹ ಬಂದಾಗ ಬೇಸರಪಡದೆ ಓದಿ. ‘ಈ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದಿದ್ದರೆ, ಕಾಯ್ದೆ ವ್ಯಾಪ್ತಿಗೆ ಬರುತ್ತದೆ ಎನ್ನುತ್ತಿರುವಾಗ, ನಿಮ್ಮ ಪ್ರಕರಣವನ್ನು ಅವರೇ ಬರೆದುಕೊಟ್ಟಿದ್ದಾರೆ.

ಹೆಜ್ಜೆ 7: ಜಿಲ್ಲೆಯೊಳಗೆ ತಟ್ಟಬಹುದಾದ ಬಾಗಿಲುಗಳು

ಪುರಸಭೆ, ನಗರಸಭೆಯ ಕಾನೂನುಬಾಹಿರ ಠರಾವನ್ನು ತಡೆಹಿಡಿಯುವ ಅಧಿಕಾರ ಪೌರಸಭೆಗಳ ಕಾಯ್ದೆಯ 306ನೇ ಸೆಕ್ಷನ್‌ನಲ್ಲಿ ಜಿಲ್ಲಾಧಿಕಾರಿಗಿದೆ. ಪಂಚಾಯತ್ ರಾಜ್ ಕಾಯ್ದೆಯ 237ನೇ ಸೆಕ್ಷನ್ ಅದೇ ಬಗೆಯದು. ಮಹಾನಗರ ಪಾಲಿಕೆಯ ಠರಾವಾದರೆ ರಾಜ್ಯ ಸರ್ಕಾರಕ್ಕೇ ಹೋಗಬೇಕು. ಇವು ಕಾಯ್ದೆಯಲ್ಲೇ ಇರುವ ಮೇಲ್ವಿಚಾರಣೆ, ಹಾಗಾಗಿ ಮೇಲಿನವರ ಮಾತು ಎಂಬ ಆಕ್ಷೇಪ ಇವಕ್ಕೆ ತಟ್ಟುವುದಿಲ್ಲ.

ಚರಂಡಿ, ಕೊಳಚೆ, ದಾರಿಗೆ ಅಡ್ಡಿ ಇಂಥ ಸಾರ್ವಜನಿಕ ಉಪದ್ರವವಾದರೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ. ರತ್ಲಾಮ್ ನಿವಾಸಿಗಳು ಬಳಸಿದ್ದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಸೆಕ್ಷನ್. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152 ಆಗಿದೆ. ವಕೀಲರಿಲ್ಲದೆಯೂ ಇದನ್ನು ಮಾಡಬಹುದು. ಫೋಟೊ, ಅಕ್ಕಪಕ್ಕದ ನಾಲ್ಕಾರು ಮನೆಯವರ ಸಹಿ ಜೊತೆಗಿರಲಿ. ಹಣ ಕೈಬದಲಾಗಿದೆ, ಬೇಕೆಂದೇ ಅನುಕೂಲ ಮಾಡಿಕೊಟ್ಟಿದ್ದಾರೆ ಎಂಬುದಕ್ಕೆ ಕಾಗದ ಇದ್ದರೆ ಮಾತ್ರ ಲೋಕಾಯುಕ್ತ.

ಹೆಜ್ಜೆ 8: ಹೈಕೋರ್ಟ್

ಇಲ್ಲಿ ಹಾಕುವುದು ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ, ಅಂದರೆ ಸರ್ಕಾರಿ ಕಚೇರಿಗೆ ಆದೇಶ ಕೊಡಿ ಎಂದು ಹೈಕೋರ್ಟನ್ನು ನೇರವಾಗಿ ಕೇಳುವ ಅರ್ಜಿ. ಬೆಂಗಳೂರಿನ ಪ್ರಧಾನ ಪೀಠ, ಧಾರವಾಡ ಮತ್ತು ಕಲಬುರಗಿಯ ಪೀಠಗಳು, ನಿಮ್ಮ ಜಿಲ್ಲೆ ಎಲ್ಲಿಗೆ ಸೇರುತ್ತದೋ ಅಲ್ಲಿ. ಬಡಾವಣೆಯ ನಿವಾಸಿಯಾಗಿ ನಿಮಗೇ ತೊಂದರೆಯಾಗಿದ್ದರೆ ಸಾಮಾನ್ಯ ರಿಟ್ ಸಾಕಾಗಬಹುದು, ಎಲ್ಲವನ್ನೂ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಮಾಡಬೇಕಿಲ್ಲ. ಅದಕ್ಕೆ 2018ರ ಪ್ರತ್ಯೇಕ ನಿಯಮಗಳಿವೆ, ಆ ದಾರಿ ಹಿಡಿದರೆ ವಕೀಲರೊಂದಿಗೆ ಅವನ್ನು ಓದಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಮಿಕರು ಮುಂತಾದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ನೆರವಿದೆ. ಸಹಾಯವಾಣಿ 15100.

ತಡ ಮಾಡಬೇಡಿ. ರಿಟ್‌ಗೆ ಇಷ್ಟೇ ದಿನ ಎಂಬ ಗಡುವು ಇಲ್ಲ, ಆದರೆ ವರ್ಷಗಟ್ಟಲೆ ಸುಮ್ಮನಿದ್ದು ಎದುರಿನವರು ಕಟ್ಟಡ ಎಬ್ಬಿಸಿದ ಮೇಲೆ ಬಂದರೆ ಕೋರ್ಟು ಕೇಳದೇ ಇರಬಹುದು. ಲಕ್ನೋದ ಉದಾಹರಣೆ ನಂಬಿ ಕೂರಬಾರದು.

ಗೆದ್ದರೆ ಏನು ಸಿಗುತ್ತದೆ ಎಂಬುದು ಮೊದಲೇ ತಿಳಿದಿರಲಿ. ಸಾಮಾನ್ಯವಾಗಿ ಕೋರ್ಟು ಅಧಿಕಾರಿಯ ಜಾಗದಲ್ಲಿ ಕೂತು ತೀರ್ಮಾನಿಸುವುದಿಲ್ಲ. ತಪ್ಪು ಕೈಯಿಂದ ಬಂದ ಆದೇಶವನ್ನು ರದ್ದುಪಡಿಸಿ, ಸರಿಯಾದ ಅಧಿಕಾರಿ ಸ್ವಂತ ಬುದ್ಧಿಯಿಂದ ಇಷ್ಟು ವಾರದಲ್ಲಿ ಹೊಸದಾಗಿ ತೀರ್ಮಾನಿಸಲಿ ಎನ್ನುತ್ತದೆ. ಅವರು ಅದೇ ತೀರ್ಮಾನಕ್ಕೆ ಬರಲೂಬಹುದು. ಆದರೆ ಈ ಸಲ ಕಾರಣ ಬರೆಯಬೇಕು, ನಿಮ್ಮ ಆಕ್ಷೇಪಣೆಗೆ ಉತ್ತರಿಸಬೇಕು, ತಮ್ಮ ಹೆಸರಿನಲ್ಲಿ ಸಹಿ ಹಾಕಬೇಕು. ಕೊಟ್ಟ ವಾರಗಳು ಮುಗಿದರೂ ಏನೂ ಆಗದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿಗೆ ಒಂದು ವರ್ಷದ ಮಿತಿ ಇದೆ. ಗಡುವು ಮುಗಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.

ನಾವು ಎಂಟನೇ ಹೆಜ್ಜೆಯವರೆಗೆ ಹೋಗಬೇಕಾಗಲಿಲ್ಲ. ಒಂಬತ್ತನೇ ಷರತ್ತನ್ನು ಉಲ್ಲೇಖಿಸಿದ ಮನವಿ ಕೊಟ್ಟ ಇಪ್ಪತ್ತಾರನೇ ದಿನ ಹಿಂಬರಹ ಬಂತು. ಪ್ರವೇಶದ ಸಮಯವನ್ನು ಕಚೇರಿಯೇ ನಿಗದಿಪಡಿಸಿ ಆದೇಶಿಸಿತ್ತು, ಬೆಳಿಗ್ಗೆ ಐದೂವರೆಯಿಂದ ರಾತ್ರಿ ಎಂಟರವರೆಗೆ, ಎಲ್ಲರಿಗೂ. ಹುಲ್ಲು ಕತ್ತರಿಸುವ ಕೆಲಸ ಸಂಘದ ಬಳಿಯೇ ಇದೆ, ಚೆನ್ನಾಗಿಯೇ ಮಾಡುತ್ತಾರೆ. ಕರಾರು ನವೀಕರಣಕ್ಕೆ ಬರುವ ಮೊದಲು ಆ ಷರತ್ತನ್ನು ತೆಗೆಸಲು ಇನ್ನೊಂದು ಮನವಿ ಈಗ ಟಪಾಲಿನಲ್ಲಿದೆ.